ನೀಲಿ ಗೆರೆ

ಸ್ಪರ್ಧೆಗೆ ಹೋಗುವ ರೋಬಾಟ್ ತಂಡಕ್ಕೆ ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿಸುವ ಮೇಷ್ಟ್ರ ಕಣ್ಣಿಗೆ, ರೋಬಾಟಿನ ತಳವನ್ನು ಚಕ್ರದಿಂದ ಶುರುಮಾಡುವವರೆಲ್ಲ ಹೆಣ್ಣು ನೋಡುವ ಮೊದಲೇ ತೊಟ್ಟಿಲು ಕೊಂಡವರು. "ಮೊದ್ಲು ತಾಯಿನಕ್ಷೆ ಬರೀರಪ್ಪ! ಅಗಲ, ಉದ್ದ, ಚಕ್ರ ಕೂರೋ ಜಾಗ, ಎಲ್ಲಾ ಅದ್ರಲ್ಲೇ ಇರ್ಲಿ. ತಾಯಿ ಹೊರಳಿದ ಕಡೆ ಮಕ್ಕಳು ತಾವಾಗೇ ಹೊರಳ್ತಾವೆ," ಎಂದು ಗಂಟಲು ಹರಿದುಕೊಳ್ಳುತ್ತಾರೆ. ತೆರೆಯ ಮೇಲೆ ಅಳತೆ ಕೊಟ್ಟ ಗೆರೆ ಕಪ್ಪಾಗುತ್ತದೆ, ಕೊಡದ್ದು ನೀಲಿಯಾಗಿಯೇ ಉಳಿಯುತ್ತದೆ. ಯಾರ ನಕ್ಷೆಯಲ್ಲಾದರೂ ನೀಲಿ ಕಂಡರೆ ಮೇಷ್ಟ್ರು ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿಬರುತ್ತಾರೆ. "ಕಟ್ಟಿಹಾಕದ ಕರು ಇದು! ಮೌಸ್ ತಾಗಿದ್ರೆ ಸಾಕು, ಹೊರಟೇಹೋಗುತ್ತೆ." ಇಷ್ಟೆಲ್ಲ ಗದರುವ ಮನುಷ್ಯ ವರ್ಷವರ್ಷವೂ ಮುಂದೆ ಇಟ್ಟುಕೊಂಡು ಕಲಿಸುವ ಹಳೆಯ ತಾಯಿನಕ್ಷೆಯ ಮೂಲೆಯಲ್ಲಿ ಮಾತ್ರ ಒಂದು ನೀಲಿ ಗೆರೆ ಹಾಗೆಯೇ ಇದೆ. ಬಿಡಿಭಾಗಗಳನ್ನು ಒಂದೊಂದಾಗಿ ಮಾಡಿ, ಒಂದಕ್ಕೊಂದು ಕೂರದೆ ತಲೆ ಚಚ್ಚಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಈ ವಿದ್ಯೆ ಕಲಿಸಿದ್ದು ಅವರ ಮಗಳು. ಬಯ್ಯುವ ಮಾತುಗಳೂ ಅವಳವೇ. 'ಕಟ್ಟಿಹಾಕದ ಕರು' ಕೂಡ ಅವಳದೇ ಮಾತು. ಪಕ್ಕದಲ್ಲಿ ಕೂತು ಆ ಗೆರೆ ಎಳೆದು, "ಅಳತೆ ನಾನೇ ಬಂದು ಹಾಕ್ತೀನಿ, ನೀನು ಮುಟ್ಬೇಡಪ್ಪ," ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಅಂದಿನಿಂದ ಮೇಷ್ಟ್ರ ಮೌಸು ಆ ಮೂಲೆಯನ್ನು ಮುಟ್ಟದೆ ಸುತ್ತುಬಳಸಿಯೇ ಹೋಗುತ್ತದೆ. ಮೊನ್ನೆ ತಂಡದ ಹೊಸ ಹುಡುಗಿ, "ಸಾರ್, ನಿಮ್ದೇ ಒಂದು ಕರು ಬಿಚ್ಕೊಂಡಿದೆ, ಕಟ್ಲಾ?" ಎಂದು ನಗುತ್ತ ಕೈ ಚಾಚಿದಳು. ಮೇಷ್ಟ್ರು ಮೌಸಿನ ಮೇಲೆ ಅಂಗೈ ಮುಚ್ಚಿ, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು: "ಬೇಡಮ್ಮ. ಅದನ್ನ ಎಳೆದವಳೇ ಬಂದು ಅಳತೆ ಹಾಕ್ತಾಳೆ."