ಸಮ್ಮೇಳನದ ದಿನ ತಿಳಿದದ್ದು

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನಾಗ ಸರ್ಕಾರಿ ಕಚೇರಿಯೊಂದರಲ್ಲಿ ಅಂಕಿಅಂಶದ ಅಧಿಕಾರಿ. ಶಾಲೆ ಕಾಲೇಜುಗಳಿಂದ ಬರುವ ಲೆಕ್ಕ ಒಟ್ಟುಗೂಡಿಸಿ, ಯಾವ ತಾಲ್ಲೂಕಿನಲ್ಲಿ ಎಷ್ಟು ಮಕ್ಕಳು ಯಾವ ತರಗತಿಗೆ ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು ಎಂದು ಕೋಷ್ಟಕ ಮಾಡುವುದು ನನ್ನ ಕೆಲಸ. ನೆಂಟರಿಗೆ ಅದು ಬೇಸರದ ಕೆಲಸವಾಗಿ ಕಾಣುತ್ತಿತ್ತು. ನನಗೆ ಇಷ್ಟವಿತ್ತು.

ಆ ಚಳಿಗಾಲ ಕಂಟೋನ್ಮೆಂಟಿನ ಒಂದು ಸಭಾಂಗಣದಲ್ಲಿ ಶಿಕ್ಷಣದ ಕುರಿತು ವಿದ್ವತ್ ಸಮ್ಮೇಳನ ಏರ್ಪಾಡಾಯಿತು. ಸಂಶೋಧಕರು, ಕಾಲೇಜು ಉಪನ್ಯಾಸಕರು ಸೇರುವ ಸಭೆ. ನಮ್ಮ ಕಚೇರಿಯವರೂ ಪ್ರಬಂಧ ಮಂಡಿಸಬೇಕೆಂದು ಕೇಳಿದರು. ನಮ್ಮ ಮೇಲಧಿಕಾರಿ ಒಬ್ಬ ಹಿರಿಯ ಹೆಂಗಸು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ನನ್ನನ್ನು ಕರೆದು ಹೇಳಿದರು:

"ನೀವೇ ಮಾತಾಡಿ ಕಣ್ರೀ. ಹತ್ತನೇ ಕ್ಲಾಸ್ ಪಾಸಾದ ಹೆಣ್ಣುಮಕ್ಕಳು ಪಿಯುಸಿಗೆ ಸೇರೋದು ಜಾಸ್ತಿ ಆಗಿದೆಯಲ್ಲ, ಅದನ್ನೇ ಇಟ್ಕೊಳ್ಳಿ. ನಮ್ಮ ಹತ್ರ ಒಳ್ಳೇ ಸುದ್ದಿ ಇರೋದೇ ಅಪರೂಪ."

ನನಗೆ ಆ ವಿಷಯ ಇನ್ನೂ ಹತ್ತಿರದ್ದು. ಆ ವರ್ಷ ಪಿಯುಸಿಗೆ ಸೇರಿದವರಲ್ಲಿ ನನ್ನ ಮಗಳೂ ಒಬ್ಬಳು. ನಾವಿದ್ದದ್ದು ಜೋಗುಪಾಳ್ಯದ ಬಾಡಿಗೆ ಮನೆಯಲ್ಲಿ. ಅವಳು ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ಶಿವಾಜಿನಗರದ ಹತ್ತಿರದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ್ದಳು. ಕೆ.ಆರ್. ಪುರಂ ಆಚೆಯ ನಮ್ಮ ಹಳ್ಳಿಯ ಮನೆತನದಲ್ಲಿ ವಿಜ್ಞಾನ ಓದಲು ಹೊರಟ ಮೊದಲ ಹುಡುಗಿ ಅವಳು. ಕಚೇರಿಯಲ್ಲಿ ಸಿಹಿ ಹಂಚಿದ್ದೆ.

ಸಮ್ಮೇಳನದ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟೆವು. ಹಲಸೂರಿನ ಸ್ಟಾಪಿನಲ್ಲಿ ನನ್ನ ಬಸ್ಸು ಮೊದಲು ಬಂತು. ಅವಳು ಬ್ಯಾಗು, ಊಟದ ಡಬ್ಬಿ ಹಿಡಿದು ಅಲ್ಲೇ ನಿಂತು ಕೈಬೀಸಿದಳು.

ನನ್ನ ಸರದಿ ಮಧ್ಯಾಹ್ನದ ಊಟದ ನಂತರ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಮುಂದಿದ್ದ ಉಪನ್ಯಾಸಕಿಯೊಬ್ಬರು ಮಾತಿಗೆ ಸಿಕ್ಕರು. ಅವರು ಕಾಲೇಜಿನ ಹೆಸರು ಹೇಳಿದ ತಕ್ಷಣ ನಾನು ಹಿಗ್ಗಿದೆ.

"ಅಯ್ಯೋ, ನಮ್ಮ ಮಗಳು ನಿಮ್ಮಲ್ಲೇ ಓದ್ತಿರೋದು ಮೇಡಂ. ಫಸ್ಟ್ ಪಿಯುಸಿ, ಸೈನ್ಸು."

ಅವರು ಹೆಸರು ಕೇಳಿದರು. ಹೇಳಿದೆ. ಅನ್ನ ಬಡಿಸಿಕೊಳ್ಳುತ್ತಿದ್ದ ಅವರ ಕೈ ನಿಂತಿತು.

"ನಾನೇ ಅವಳ ಕ್ಲಾಸ್ ಟೀಚರ್ ಸರ್. ದಸರಾ ರಜ ಆದ್ಮೇಲೆ ಅವಳು ಬಂದೇ ಇಲ್ವಲ್ಲ? ಬೇರೆ ಕಡೆ ಸೇರಿಸ್ಬಿಟ್ರೇನೋ ಅಂದ್ಕೊಂಡಿದ್ದೆ."

"ಬೇರೆ ಯಾರೋ ಇರ್ಬೇಕು ಮೇಡಂ. ನಮ್ಮ ಹುಡುಗಿ ದಿನಾ ಬರ್ತಾಳೆ. ಇವತ್ತೂ ಬಂದಿದ್ದಾಳೆ."

"ಎತ್ತರದ ಹುಡುಗಿ. ಎಡಗೈಲಿ ಬರೀತಾಳೆ, ಅಲ್ವಾ?"

ಅದು ನನ್ನ ಮಗಳೇ. ಹಿಂದಿದ್ದವರು "ಸರ್, ಸ್ವಲ್ಪ ಮುಂದಕ್ಕೆ" ಎಂದರು. ಮುಂದಕ್ಕೆ ಹೋದೆ. ಯಾರೋ ಸಾರು ಹಾಕಿದರು. ತಟ್ಟೆಯನ್ನು ಹಾಗೇ ಒಂದು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತುಬಿಟ್ಟೆ. ದಸರೆ ಕಳೆದು, ದೀಪಾವಳಿ ಕಳೆದು, ಹೊಸ ವರ್ಷವೂ ಬಂದಿತ್ತು. ಹಾಗಾದರೆ ದಿನಾ ಬೆಳಿಗ್ಗೆ ನಮ್ಮ ಮನೆಯಿಂದ ಹೊರಟ ಹುಡುಗಿ ಹೋಗುತ್ತಿದ್ದದ್ದು ಎಲ್ಲಿಗೆ? ಮನಸ್ಸಿಗೆ ಬಂದ ಒಂದೊಂದು ಉತ್ತರವೂ ಹಿಂದಿನದಕ್ಕಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು. ಹೋಗಿ ನಿಂತೆ. ಪ್ರೊಜೆಕ್ಟರಿನ ಮೇಲೆ ಪಾರದರ್ಶಕ ಹಾಳೆ ಇಟ್ಟೆ, ಗೋಡೆಯ ಮೇಲೆ ಕೋಷ್ಟಕ ಮೂಡಿತು. ಓದಿದೆ. ಏನು ಓದಿದೆನೋ ಇವತ್ತಿಗೂ ನೆನಪಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಒಬ್ಬ ಯುವ ಸಂಶೋಧಕ ಎದ್ದು ವಿನಯದಿಂದಲೇ ಕೇಳಿದ:

"ಸರ್, ಇವರೆಲ್ಲ ದಾಖಲಾದವರು. ಇವರಲ್ಲಿ ಎಷ್ಟು ಜನ ನಿಜವಾಗ್ಲೂ ಕ್ಲಾಸಲ್ಲಿ ಕೂತಿದ್ದಾರೆ?"

"ಗೊತ್ತಿಲ್ಲ," ಎಂದೆ. "ನಮಗೆ ಏನೂ ಗೊತ್ತಿಲ್ಲ."

ಸಭೆಯಲ್ಲಿ ಗುಜುಗುಜು ಶುರುವಾಯಿತು. ಸರ್ಕಾರದ ಕಡೆಯವನೊಬ್ಬ ಹಾಗೆ ಹೇಳುವುದನ್ನು ಅವರು ಕೇಳಿರಲಿಲ್ಲವೇನೋ. ಮುಂದಿನ ಸಾಲಿನಲ್ಲಿದ್ದ ನಮ್ಮ ಕಚೇರಿಯ ಮೇಡಂ ಧಾವಿಸಿ ಬಂದು ಮೈಕು ತೆಗೆದುಕೊಂಡರು. ಹಾಜರಾತಿ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಚ್ಚುಕಟ್ಟಾಗಿ ವಿವರಿಸಿದರು. ನಾನು ಹಾಳೆಗಳನ್ನೂ ಎತ್ತಿಕೊಳ್ಳದೆ ಹೊರಬಿದ್ದೆ.

ಮನೆಗೆ ಬಂದಾಗ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ನಂಬಲೇ ಇಲ್ಲ.

"ಡಬ್ಬಿ ದಿನಾ ಖಾಲಿ ಬರುತ್ತೆ ರೀ. ನಾನೇ ತೊಳಿತೀನಿ. ಹೋಗದೇ ಇದ್ರೆ ಊಟ ಯಾರು ಮಾಡ್ತಾರೆ?" ಎಂದಳು. ಆಮೇಲೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನನ್ನನ್ನೇ ನೋಡಿದಳು. "ಊಟದ ಹೊತ್ತಲ್ಲಿ ಗೊತ್ತಾಯ್ತು ಅಂದ್ರಿ. ಭಾಷಣ ಮುಗಿಸ್ಕೊಂಡು ಬಂದ್ರಾ?"

ಇಬ್ಬರೂ ಬಾಗಿಲಲ್ಲೇ ಕೂತೆವು. ಬೀದಿಯಲ್ಲಿ ತಮಿಳಿನಲ್ಲಿ ಯಾರೋ ಮಕ್ಕಳನ್ನು ಗದರುತ್ತಿದ್ದರು. ಕಾಲೇಜು ಬಿಟ್ಟು ಬರುವ ಹೊತ್ತಿಗೆ ಸರಿಯಾಗಿ ಮಗಳು ತಿರುವಿನಲ್ಲಿ ಕಾಣಿಸಿಕೊಂಡಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವಳೇ ನಿಂತಳು. ಅವಳಿಗೆ ತಿಳಿದುಹೋಯಿತು.

ಒಳಗೆ ಬಂದು ಬ್ಯಾಗು ಕೂಡ ಇಳಿಸದೆ ಗೋಡೆಗೊರಗಿದಳು. ಬೈಯಬೇಕೆಂದುಕೊಂಡಿದ್ದೆ. ಬಂದ ಮಾತು ಒಂದೇ: "ಎಲ್ಲಿಗೆ ಹೋಗ್ತಿದ್ದೆ ಪುಟ್ಟಾ?"

"ಲೈಬ್ರರಿಗೆ. ಇಂದಿರಾನಗರದಲ್ಲಿ ಇದೆಯಲ್ಲ, ಅಲ್ಲಿಗೆ."

"ಸೋಮವಾರ ಅದು ಮುಚ್ಚಿರುತ್ತೆ," ಎಂದಳು ಅವಳಮ್ಮ.

"ಸೋಮವಾರ ಬಸ್ಸಲ್ಲಿ ಕೂತಿರ್ತಿದ್ದೆ. ಕೆ.ಆರ್. ಪುರಂಗೆ ಹೋಗೋದು, ವಾಪಸ್ ಬರೋದು. ಯೂನಿಫಾರ್ಮ್ ನೋಡಿ ಯಾರೂ ಏನೂ ಕೇಳ್ತಿರ್ಲಿಲ್ಲ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ದಿನವಿಡೀ ಬಸ್ಸಿನಲ್ಲಿ ಅತ್ತಿತ್ತ ತಿರುಗುವ ಮಗಳ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ಮಧ್ಯಾಹ್ನ ಕಿಟಕಿಯ ಬಳಿ ನಿಂತು ಊಹಿಸಿದ್ದ ಯಾವುದೂ ನಡೆದಿರಲಿಲ್ಲ. ಆದರೂ ಎದೆ ಹಗುರವಾಗಲಿಲ್ಲ.

ನಿಧಾನಕ್ಕೆ ಹೇಳಿದಳು. ಮೊದಲ ವಾರದಿಂದಲೇ ಪಾಠ ತಲೆಗೆ ಹೋಗುತ್ತಿರಲಿಲ್ಲವಂತೆ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷಿನಲ್ಲಿ. ಒಂದು ದಿನ ಭೌತಶಾಸ್ತ್ರದವರು ಇವಳನ್ನು ಎಬ್ಬಿಸಿ ಆಕ್ಸಿಲರೇಷನ್ ಎಂದರೇನು ಎಂದು ಕೇಳಿದರು. ಇವಳು ಯೋಚಿಸಿ, ಧೈರ್ಯ ಮಾಡಿ, "ವೇಗೋತ್ಕರ್ಷ ಸರ್" ಎಂದಳು.

"ಇಡೀ ಕ್ಲಾಸು ನಕ್ಕುಬಿಡ್ತು ಅಪ್ಪಾ. ಸರ್ರೂ ನಕ್ಕರು. ಅವತ್ತಿಂದ ಕಾರಿಡಾರಲ್ಲಿ ಎಲ್ರೂ ನನ್ನ ವೇಗೋತ್ಕರ್ಷ ಅಂತಲೇ ಕರೆಯೋರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಸೂತ್ರಾನೂ ಗೊತ್ತಿತ್ತು. ಹೇಳೋಕೆ ಬಿಡ್ಲೇ ಇಲ್ಲ."

"ನಮಗ್ಯಾಕೆ ಹೇಳ್ಲಿಲ್ಲ?"

"ನೀನು ಎಲ್ರಿಗೂ ಸ್ವೀಟ್ ಕೊಟ್ಟಿದ್ದೆ," ಎಂದಳು. ಆಗ ಅತ್ತಳು. ಅವಳಮ್ಮ ಎದ್ದು ಹೋಗಿ ಹೆಗಲಿನಿಂದ ಬ್ಯಾಗು ಇಳಿಸಿದಳು.

ಮರುದಿನವೇ ಕಾಲೇಜಿಗೆ ಹೋದೆ. ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸಲಾಗದು ಎಂದರು. ಆ ವರ್ಷ ಹೋಯಿತು. ಕ್ಲಾಸ್ ಟೀಚರ್ ಗೇಟಿನವರೆಗೆ ಬಂದು, "ಕನ್ನಡ ಮೀಡಿಯಮ್ಮಿಂದ ಬಂದವರು ಹೀಗೇ ಕರಗಿಹೋಗ್ತಾರೆ ಸರ್. ಪ್ರತಿ ವರ್ಷ ನೋಡ್ತೀವಿ," ಎಂದರು. ಪ್ರತಿ ವರ್ಷ ಎಂದು ಅವರು ಹೇಳಿದ ರೀತಿ ಅಷ್ಟು ಸಹಜವಾಗಿತ್ತು.

ಕಚೇರಿಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಸಮ್ಮೇಳನದ ಸಿಟ್ಟು ಅವರ ಮುಖದಿಂದ ಇಳಿಯಿತು. "ನನ್ನ ತಂಗಿ ಮಗನೂ ಹೀಗೇ ಬಿಟ್ಟ. ಸೋಮಾರಿ ಅಂತ ನಾವೆಲ್ಲ ಬೈದಿದ್ವಿ," ಎಂದರು. ಮುಂದಿನ ವರ್ಷ ದಾಖಲಾದವರ ಸಂಖ್ಯೆಯ ಪಕ್ಕದಲ್ಲಿ ಪರೀಕ್ಷೆಗೆ ಕೂತವರ ಸಂಖ್ಯೆಯನ್ನೂ, ಅವರು ಓದಿ ಬಂದ ಮಾಧ್ಯಮವನ್ನೂ ಸೇರಿಸಿ ಕೇಳೋಣ ಎಂದು ನಾವಿಬ್ಬರೂ ಮೇಲಕ್ಕೆ ಬರೆದೆವು. ಅರ್ಧ ಒಪ್ಪಿಗೆಯಾಯಿತು. ಮಾಧ್ಯಮದ ಮಾತು ಬೇಡ ಎಂದರು.

ಜೂನಿನಲ್ಲಿ ಮಗಳು ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿದಳು. ಮನೆಪಾಠ ಹೇಳಿಸಿ ವಿಜ್ಞಾನವನ್ನೇ ಮುಂದುವರಿಸೋಣ ಎಂದು ನಾನು ಗೋಗರೆದಿದ್ದೆ. "ಬೇಡಪ್ಪಾ," ಎಂದಷ್ಟೇ ಹೇಳಿದಳು. ಕನ್ನಡದಲ್ಲೇ ಓದಿದಳು, ಪಾಸಾದಳು, ಕೆಲಸಕ್ಕೂ ಸೇರಿದಳು. ಆ ತಿಂಗಳುಗಳ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಒಮ್ಮೆ ಮಾತ್ರ, ಅವಳಿಗೆ ಮದುವೆಯಾದ ಮೇಲೆ, ನಾನೂ ಅವಳೂ ಬಸ್ಸಿನಲ್ಲಿ ಕೆ.ಆರ್. ಪುರಂ ಕಡೆ ಹೋಗುತ್ತಿದ್ದಾಗ ಅವಳು ಕಿಟಕಿಯಾಚೆ ನೋಡುತ್ತಾ ಮುಂದೆ ಬರುವ ಅಂಗಡಿಗಳನ್ನು ಒಂದೊಂದಾಗಿ, ಕಾಣುವ ಮೊದಲೇ, ಮೆಲ್ಲಗೆ ಹೇಳತೊಡಗಿದಳು. ನಾನು ಅವಳ ಮುಖ ನೋಡಲಾರದೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ.