ನಾನು ಸುಮ್ಮನಿರಲಿಲ್ಲ, ಗೌತಮಿ

ಗೌತಮಿ, ಆ ಸಂಜೆ ಕ್ಲಬ್ಬಿನ ಕೋಣೆಯೊಳಗೆ ನಿನ್ನ ಅತ್ತೆ ಬಾಯಿ ಮುಚ್ಚಿಕೊಂಡು ಕೂತಿದ್ದಳು ಎಂದು ನೀನು ಇವತ್ತಿಗೂ ನಂಬಿದ್ದೀಯ. ಆ ಮೌನವನ್ನು ನೀನು ಕ್ಷಮಿಸಿಯೂ ಬಿಟ್ಟಿದ್ದೀಯ. ಆದರೆ ನಾನು ಸುಮ್ಮನಿರಲಿಲ್ಲ. ಮಾತಾಡಿದೆ. ನಿನ್ನನ್ನು ಅಲ್ಲಿಂದ ಹೊರಗೆ ಹಾಕಿದ್ದು ಪರಮೇಶಪ್ಪನವರ ಮಾತಲ್ಲ — ನನ್ನ ಮಾತು.

ಮೊನ್ನೆ ನೀನು ಫೋನ್ ಮಾಡಿ, ಬೇಲೂರಿನ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು, "ಅಪ್ಪನ ಜಾಗದಲ್ಲಿ ನೀವೇ ಕೂರಬೇಕು ಅತ್ತೆ" ಎಂದೆ. ನಾನು ಆಗಲಿ ಎಂದೆ. ಅಣ್ಣನ ಜಾಗದಲ್ಲಿ — ನಾನು! ಇದನ್ನು ನಿನಗೆ ಹೇಳದೆ ಅಲ್ಲಿ ಕೂತರೆ ಮಾಡಿದ ತಪ್ಪನ್ನು ಇನ್ನೊಮ್ಮೆ ಮಾಡಿದ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿದೆ, ಗೊತ್ತಿಲ್ಲದ್ದೂ ಇದೆ.

ಶಾಲೆಯಲ್ಲಿ ಕೆಲಸ ಸಿಕ್ಕಿ ನಾನು ಅರಸೀಕೆರೆಗೆ ಬಂದಾಗ ಮನೆ ಸಿಗಲಿಲ್ಲ. ಬಾಗಿಲು ತೆಗೆದವರು ಮೊದಲು ಕೇಳುತ್ತಿದ್ದದ್ದು ಒಂದೇ — "ನೀವು ಯಾವ ಜನ?" ಇದ್ದದ್ದನ್ನು ಹೇಳಿದ ಕಡೆ, ಮನೆ ಆಗಲೇ ಇನ್ಯಾರಿಗೋ ಆಗಿಹೋಗಿದೆ ಎನ್ನುತ್ತಿದ್ದರು. ಕೊನೆಗೆ ಪರಮೇಶಪ್ಪನವರ ಮನೆಯ ಮಹಡಿ. ಅವರ ಹೆಂಡತಿ ಗಿರಿಜಕ್ಕ ಜನ ಯಾವುದೆಂದು ಕೇಳಲಿಲ್ಲ. "ಮಾಂಸಗೀಂಸ ಮಾಡ್ತೀರಾ?" ಎಂದರು. "ಇಲ್ಲಕ್ಕ, ನಾವು ಮುಟ್ಟೋದೇ ಇಲ್ಲ" ಎಂದೆ. ನಿನ್ನ ಮಾವ ಬಿಟ್ಟಿದ್ದರು, ನಾನೂ ಬಿಟ್ಟಿದ್ದೆ, ಸುಳ್ಳೇನೂ ಅಲ್ಲ. ಆದರೆ ಅಷ್ಟಕ್ಕೇ ಅವರು ನಮ್ಮನ್ನು ತಮ್ಮವರೇ ಎಂದುಕೊಂಡರು. ನಾನು ತಿದ್ದಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರು, ಹೋದೆ. ನಿನ್ನ ತಾತ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ದಿನ ಗೋಡೆಗೆ ಹಾಕಿದ್ದ ಬುದ್ಧನ ಪಟ, ನನ್ನ ಮದುವೆಯಲ್ಲಿ ನನಗೇ ಕೊಟ್ಟಿದ್ದರಲ್ಲ, ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅಣ್ಣನನ್ನು ಒಂದು ಸಲವೂ ಆ ಮನೆಗೆ ಕರೆಯಲಿಲ್ಲ. ಹಬ್ಬಕ್ಕೆ, ರಜಕ್ಕೆ ನಾನೇ ಹಳೇಬೀಡಿಗೆ ಬರುತ್ತಿದ್ದೆ — ನೀವೆಲ್ಲ ಅದನ್ನು ನನ್ನ ಪ್ರೀತಿ ಎಂದುಕೊಂಡಿದ್ದಿರಿ.

ಪರಮೇಶಪ್ಪನವರು ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ರೈಲ್ವೆ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಸಂಜೆ ಆಟ; ಆಟ ಮುಗಿದ ಮೇಲೆ ಪಕ್ಕದ ಶೀಟಿನ ಕೋಣೆಯಲ್ಲಿ ಪಾಠ. ಪಾಠಕ್ಕೆ ಬಾರದವರಿಗೆ ಮಾರನೇ ದಿನ ಚೆಂಡಿಲ್ಲ — ಅದು ಕೋಚ್ ಅಂತೋಣಿ ಸರ್ ಮಾಡಿದ ನಿಯಮ. ಎಸ್ಸೆಸ್ಸೆಲ್ಸಿ ಫೇಲಾದವರು, ಪಿಯುಸಿಯಲ್ಲಿ ತಿಣುಕುವವರು, ಮನೆಯಲ್ಲಿ ದೀಪದ ಕೆಳಗೆ ಕೂತು ಓದಲು ಜಾಗವಿಲ್ಲದವರು — ಬೆವರು ಆರುವ ಮೊದಲೇ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಆ ಕೆಲಸ ನನಗೆ ಇಷ್ಟವಾಗಿತ್ತು, ಅದೂ ನಿಜ.

ಆ ವರ್ಷ ಸುತ್ತಲಿನ ಊರುಗಳಿಂದ ಕೆಲವು ಹುಡುಗಿಯರನ್ನು ಆರಿಸಿ, ಇಲ್ಲೇ ಇಟ್ಟುಕೊಂಡು ಆಟ, ಓದು ಎರಡೂ ಕಲಿಸುವುದೆಂದು ಕ್ಲಬ್ಬಿನಲ್ಲಿ ತೀರ್ಮಾನವಾಯಿತು. ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುವ ತರಬೇತಿಯೂ ಅದರೊಳಗೇ. ಹಳೇಬೀಡಿನಿಂದ ನೀನು ಆಯ್ಕೆಯಾದೆ. ಅಣ್ಣ ಫೋನ್ ಮಾಡಿ, "ನೀನಿದ್ದೀಯಲ್ಲವ್ವ, ಅದಕ್ಕೇ ಧೈರ್ಯವಾಗಿ ಕಳಿಸ್ತಾ ಇವ್ನಿ" ಎಂದ.

ನೀನು ಬರುವ ಹಿಂದಿನ ದಿನ ನಾನು ನಿನಗೆ ಫೋನ್ ಮಾಡಿದ್ದು ನೆನಪಿದೆಯಲ್ಲ? ಇಲ್ಲಿ ನನ್ನನ್ನು ಅತ್ತೆ ಎನ್ನಬೇಡ, ನನ್ನ ಸಂಬಂಧ ಅಂತ ಗೊತ್ತಾದರೆ ನಿನ್ನ ಆಯ್ಕೆಯ ಬಗ್ಗೆ ಜನ ಮಾತಾಡುತ್ತಾರೆ ಎಂದೆ. ನೀನು "ಸರಿ ಅತ್ತೆ" ಎಂದು, ತಕ್ಷಣ ನಕ್ಕು, "ಸರಿ ಮೇಡಂ" ಎಂದೆ. ನಿಜವಾದ ಕಾರಣ ನಿನಗೆ ಯಾವಾಗ ಗೊತ್ತಾಯಿತೋ. ಪರ ಊರಿನ ಹುಡುಗಿಯರನ್ನು ಸದಸ್ಯರ ಮನೆಗಳಲ್ಲಿ ಇಡುವುದೆಂದಾಗಿ, ನಿನ್ನ ಪಾಲಿಗೆ ನನ್ನ ಕೆಳಗಿನ ಪರಮೇಶಪ್ಪನವರ ಮನೆಯೇ ಬಂತು. ಒಂದು ಭಾನುವಾರ ಲೆಕ್ಕ ಹೇಳಿಸಿಕೊಳ್ಳುವ ನೆಪದಲ್ಲಿ ಮೇಲೆ ಬಂದ ನೀನು ಗೋಡೆಗಳನ್ನೆಲ್ಲ ಒಮ್ಮೆ ನೋಡಿದೆ. ಏನೂ ಕೇಳಲಿಲ್ಲ. ಅವತ್ತೇ ಇರಬೇಕು.

ನೀನು ಆಡುತ್ತಿದ್ದದ್ದಕ್ಕಿಂತ ಹೇಳಿಕೊಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಚಿಕ್ಕವರನ್ನು ನೀನು ವೃತ್ತವಾಗಿ ನಿಲ್ಲಿಸಿ ಚೆಂಡು ಒಬ್ಬರ ಕಾಲಿಂದ ಇನ್ನೊಬ್ಬರ ಕಾಲಿಗೆ ಹೋದ ಹಾಗೆ ಏಳರ ಮಗ್ಗಿ ಹೇಳಿಸುತ್ತಿದ್ದೆ. ತಪ್ಪಿದವರು ಚೆಂಡಿನ ಹಿಂದೆ ಓಡಬೇಕು. ಅಂತೋಣಿ ಸರ್ ಅದನ್ನು ನಿಂತು ನೋಡಿ, "ಇವಳು ಪಿ.ಟಿ. ಟೀಚರ್ ಆಗ್ತಾಳೆ ಮೇಡಂ, ಬರೆದಿಟ್ಕೊಳ್ಳಿ" ಎಂದರು. ನನ್ನ ಅಣ್ಣನ ಮಗಳು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಆಮೇಲೆ ಗಿರಿಜಕ್ಕನ ಮನೆಯಲ್ಲಿ ಆ ನಾಮಕರಣ. ಹಳೇಬೀಡಿನ ಕಡೆಯ ನೆಂಟರು ಬರುತ್ತಾರೆಂದು ತಿಳಿದಾಗಲೇ ಯಾರಾದರೂ ನನ್ನ ಗುರುತು ಹಿಡಿದಾರೆಂದು ಹೆದರಿದೆ. ತಲೆನೋವು ಎಂದು ಹೇಳಿಕಳಿಸಿ ಮೇಲೆ ಅಗುಳಿ ಹಾಕಿಕೊಂಡು ಮಲಗಿದೆ. ನಿನ್ನನ್ನು ಎಚ್ಚರಿಸಬಹುದಿತ್ತು — ಇವತ್ತು ಹೊರಗೆ ಎಲ್ಲಾದರೂ ಹೋಗಿರು ಎನ್ನಬಹುದಿತ್ತು. ನನ್ನ ಬಾಗಿಲು ಮಾತ್ರ ಹಾಕಿಕೊಂಡೆ. ನೀನು ಕೆಳಗೆ ಪಂಕ್ತಿಗೆ ನೀರು ಬಡಿಸುತ್ತಿದ್ದೆ. ನೆಂಟರಲ್ಲೊಬ್ಬ ಹೆಂಗಸು, "ಇವ್ಳು ಆ ಗೂಡ್ಸ್ ಆಟೋದವನ ಮಗಳಲ್ವಾ? ಇವ್ಳನ್ನ ಒಳಗೆ ಬಿಟ್ಕಂಡಿದ್ದೀರಾ?" ಎಂದಳಂತೆ. ಮೇಲಿದ್ದ ನನಗೆ ಕೇಳಿಸಿದ್ದು ಮಾತಲ್ಲ. ಪಂಕ್ತಿಯ ಗದ್ದಲ ಒಮ್ಮೆಲೇ ನಿಂತದ್ದು.

ಮಾರನೇ ಸಂಜೆ ಸಮಿತಿ ಸೇರಿತು. ನಿನ್ನನ್ನು ಹೊರಗೆ ಹೊಂಗೆಮರದ ಕೆಳಗೆ ಕೂರಿಸಿದ್ದರು. ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಪರಮೇಶಪ್ಪನವರು ಜಾತಿ ಎನ್ನುವ ಪದ ಎತ್ತಲಿಲ್ಲ. ಎತ್ತಿದರೆ ಕೇಸಾಗುತ್ತದೆಂದು ಅವರಿಗೆ ಗೊತ್ತಿತ್ತು. "ಅದರ ವಿಷಯ ಅಲ್ಲ. ಹುಡುಗಿ ನಮ್ಮಿಂದ ಮುಚ್ಚಿಟ್ಟಳು, ಅದು ನನಗೆ ಬೇಜಾರು" ಎಂದರು. ಅಂತೋಣಿ ಸರ್ ಒಪ್ಪಲಿಲ್ಲ. "ಯಾರೂ ಕೇಳಿಲ್ಲ, ಅವಳು ಹೇಳಿಲ್ಲ. ಇದರಲ್ಲಿ ಮುಚ್ಚಿಟ್ಟಿದ್ದೇನು ಬಂತು? ನಿಮ್ಮನೆ ಬೇಡ ಅಂದ್ರೆ ನಮ್ಮನೇಲಿ ಇರ್ತಾಳೆ, ನನ್ನ ಹೆಂಡತಿ ನೋಡ್ಕೋತಾಳೆ" ಎಂದರು. ಇನ್ನಿಬ್ಬರು ತಲೆಯಾಡಿಸಿದರು. ಅಲ್ಲಿಗೆ ಮುಗಿದುಹೋಗುತ್ತಿತ್ತು ಗೌತಮಿ. ನೀನು ಚೀಲ ಎತ್ತಿಕೊಂಡು ಎರಡು ಬೀದಿ ಆಚೆಗೆ ಹೋಗುತ್ತಿದ್ದೆ, ಅಷ್ಟೇ.

ಆದರೆ ನನಗೆ ಬೇರೆ ಹೆದರಿಕೆ ಇತ್ತು. ನೀನು ಊರಲ್ಲಿದ್ದರೆ ಮಾತು ಬೆಳೆಯುತ್ತದೆ. ಹಳೇಬೀಡಿನಲ್ಲಿ ಯಾರೋ ವಿಚಾರಿಸುತ್ತಾರೆ. ಗೂಡ್ಸ್ ಆಟೋದವನಿಗೆ ಒಬ್ಬ ತಂಗಿ ಇದ್ದಾಳೆ, ಅರಸೀಕೆರೆಯಲ್ಲಿ ಟೀಚರ್ ಆಗಿದ್ದಾಳೆ ಎಂದು ಯಾರೋ ಹೇಳುತ್ತಾರೆ. ಅಷ್ಟರಲ್ಲಿ ಪರಮೇಶಪ್ಪನವರು ನನ್ನ ಕಡೆ ತಿರುಗಿ, "ಟೀಚರ್, ದಿನಾ ನೋಡೋರು ನೀವು. ನೀವು ಹೇಳಿ" ಎಂದರು.

ನಾನು ಹೇಳಿದೆ — "ಆ ಹುಡುಗಿ ಮಾತು ನಂಬೋಕಾಗಲ್ಲ ಸರ್. ಹುಡುಗರ ಜೊತೆ ಓಡಾಟಾನೂ ಜಾಸ್ತಿ."

ಮೊದಲನೆಯ ಮಾತೊಂದೇ ಸಾಕಿತ್ತು. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಒಂದು ಮಾತಿಗೆ ಎದುರು ಮಾತಿರುವುದಿಲ್ಲ ಎಂದು ನನಗೆ, ಒಬ್ಬ ಹೆಂಗಸಿಗೆ, ಟೀಚರಿಗೆ, ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಅಂತೋಣಿ ಸರ್ ನನ್ನ ಮುಖ ನೋಡಿದರು. "ಮೇಡಂ ಹೇಳಿದ ಮೇಲೆ..." ಎಂದು, ನಿನ್ನನ್ನು ಕಳಿಸಿಬಿಡಲು ಅವರೂ ಒಪ್ಪಿದರು.

ಮಾರನೇ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಬಂದೆ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ ನೀನು. ಕಣ್ಣು ಊದಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಿ ಅತ್ತೆ. ನೀವು ಸುಮ್ನಿದ್ದಿದ್ದು ನಂಗೆ ಅರ್ಥ ಆಗುತ್ತೆ. ಆ ಮನೆ ಬಿಟ್ರೆ ನೀವೆಲ್ಲಿಗೆ ಹೋಗ್ತೀರ" ಎಂದೆ. ಹದಿನೇಳು ವರ್ಷದ ಹುಡುಗಿ, ಹೊರಗೆ ಹಾಕಿಸಿಕೊಂಡು ಹೋಗುತ್ತಿರುವವಳು, ನೀನೇ ನನಗೆ ಸಮಾಧಾನ ಹೇಳಿದೆ. ನಾನು ಹೌದೆಂಬಂತೆ ತಲೆಯಾಡಿಸಿದೆ.

ಮೂರನೇ ದಿನ ಅಣ್ಣನ ಫೋನ್. ಪರಮೇಶಪ್ಪನವರು ಅವನಿಗೆ ಕಾರಣ ತಿಳಿಸಿದ್ದರು. "ನಡ್ತೆ ಸರಿಯಿಲ್ಲ ಅಂದ್ರು ಕಣವ್ವ. ಈ ಮಗ ಕೇಳಿದ್ರೆ, ಜಾತಿಗೋಸ್ಕರ ಹಿಂಗ್ ಮಾಡವ್ರೆ ಅಪ್ಪ ಅಂತೈತೆ. ನೀನಲ್ಲೇ ಇದ್ದಲ್ಲ, ಯಾವ್ದು ದಿಟ ಹೇಳವ್ವ" ಎಂದ. ಜಾತಿಗೋಸ್ಕರ ಎಂದು ನಾನು ಹೇಳಿದ್ದರೆ ಅವನು ಮಾರನೇ ದಿನವೇ ಅರಸೀಕೆರೆಗೆ ಬಂದು ಕ್ಲಬ್ಬಿನ ಮುಂದೆ ನಿಲ್ಲುತ್ತಿದ್ದ, ಅಂಥವನು. ಅದಕ್ಕೇ ಹೇಳಲಿಲ್ಲ. "ಬಿಡಣ್ಣ, ಆಗಿದ್ದು ಆಗೋಯ್ತು. ಎಲ್ಲಾದ್ರೂ ಕೆಲಸಕ್ಕೆ ಸೇರಿಸು ಅವಳನ್ನ" ಎಂದೆ. ಅಣ್ಣ "ಹಂಗಾದ್ರೆ ದಿಟವೇ" ಎಂದು ಫೋನ್ ಇಟ್ಟ.

ಅವನು ನಿನ್ನ ಜೊತೆ ಮಾತು ಬಿಟ್ಟದ್ದು ಆ ಫೋನಿನಿಂದ. ನೀನು ಆಡುವಾಗ ಹಾಕುತ್ತಿದ್ದ ಸ್ಟಡ್ಸ್ ಶೂ ತೆಗೆದು ಪಕ್ಕದ ಕೇರಿಯವರಿಗೆ ಕೊಟ್ಟದ್ದು, ಪಿಯುಸಿ ಬಿಡಿಸಿ ಹಾಸನದ ಗಾರ್ಮೆಂಟ್ಸಿಗೆ ಕಳಿಸಿದ್ದು ಎಲ್ಲ ಆ ಫೋನಿನಿಂದ. ಬೆಳಗಾಗುವ ಮೊದಲು ಫ್ಯಾಕ್ಟರಿ ವ್ಯಾನಿಗೆ ಕಾಯುತ್ತ ನಿಂತಿರುತ್ತಾಳೆ ಎಂದು ಅತ್ತಿಗೆ ಹೇಳುವಾಗ ನಾನು ಅವರ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೆ.

ಹೋದ ವರ್ಷ ಅಣ್ಣ ಆಸ್ಪತ್ರೆಯಲ್ಲಿ ಮಲಗಿದಾಗ ನನ್ನ ಕೈ ಹಿಡಿದುಕೊಂಡು, "ಆ ಮಗೀನ ಕ್ಷಮಿಸಿವ್ನಿ ಅಂತ ನೀನೇ ಹೇಳವ್ವ. ನಂಗೆ ಬಾಯಿ ಬರಾಕಿಲ್ಲ" ಎಂದ. ಆಗಲಾದರೂ — ಅವನಿಗೆ ಕೇಳಿಸುತ್ತಿತ್ತು, ಅರ್ಥವಾಗುತ್ತಿತ್ತು, ಇನ್ನೂ ಎರಡು ದಿನ ಇದ್ದ. ಆಗಲೂ ಹೇಳಲಿಲ್ಲ. ವರಾಂಡದಲ್ಲಿ ನಿಂತಿದ್ದ ನಿನ್ನ ಹತ್ತಿರ ಬಂದು, ಅಪ್ಪ ನಿನ್ನನ್ನು ಕ್ಷಮಿಸಿದ್ದಾನೆ ಎಂದೆ. "ನಾನೇನು ಮಾಡಿದ್ದೆ ಅತ್ತೆ?" ಎಂದೆ ನೀನು. ಹಳೇದೆಲ್ಲ ಈಗ್ಯಾಕೆ ಎಂದು ನಿನ್ನ ಬೆನ್ನು ಸವರಿದೆ. ಆ ಕೈ ಈಗಲೂ ನನ್ನ ಮೈಗೇ ಅಂಟಿಕೊಂಡಿದೆ, ಏನು ಮಾಡಲಿ.

ನೀನು ಏನೂ ಮಾಡಿರಲಿಲ್ಲ. ನಿನ್ನ ಅಪ್ಪ, ಮಾಡದ ತಪ್ಪಿಗೆ ಮಗಳನ್ನು ದೂರ ಮಾಡಿಕೊಂಡು, ಮಾಡದ ತಪ್ಪನ್ನು ಕ್ಷಮಿಸಿ ಸತ್ತ. ಇಬ್ಬರಿಗೂ ಅದನ್ನು ಮಾಡಿದವಳು ನಾನು.

ನಿನ್ನ ಫೋನ್ ಬಂದ ಮಾರನೇ ದಿನ ಅಂತೋಣಿ ಸರ್ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮೈದಾನಕ್ಕೆ ಬರುವುದು ಬಿಟ್ಟಿದ್ದಾರೆ. ಎಲ್ಲ ಹೇಳಿದೆ — ನೀನು ನನ್ನ ಅಣ್ಣನ ಮಗಳೆಂಬುದರಿಂದ ಹಿಡಿದು. ಅವರು, "ಅವತ್ತು ನಾನು ನಿಮ್ಮನ್ನ ನಂಬಿದೆ ಮೇಡಂ. ಒಂದು ಮಾತು ಹೊರಗೆ ಬಂದು ಆ ಮಗೂನ ಕೇಳಲಿಲ್ಲ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಪರಮೇಶಪ್ಪನವರಿಗೂ ಗಿರಿಜಕ್ಕನಿಗೂ ಎಲ್ಲ ಹೇಳಿದೆ. ಗಿರಿಜಕ್ಕ ಒಳಗೆ ಎದ್ದುಹೋದರು. ಮನೆ ಖಾಲಿ ಮಾಡಲು ಹೇಳಿಕಳಿಸಿದ್ದಾರೆ, ಮಾಡುತ್ತೇನೆ. ಕ್ಲಬ್ಬಿನ ಪಾಠಕ್ಕೆ ನಾನಿನ್ನು ಹೋಗುವುದಿಲ್ಲ. ಬೇಡ ಎಂದವರು ಅವರಲ್ಲ. ಆ ಮಕ್ಕಳ ಮುಂದೆ ನಿಲ್ಲುವ ಯೋಗ್ಯತೆ ನನಗೆ ಅವತ್ತೇ ಹೋಗಿತ್ತು, ಅಷ್ಟು ವರ್ಷ ಸುಮ್ಮನೆ ನಿಂತಿದ್ದೆ.

ಇದನ್ನು ಓದಿ ನೀನು ಫೋನ್ ಮಾಡಬೇಕೆಂದಿಲ್ಲ. ಭಾನುವಾರ ಮೊದಲನೇ ಬಸ್ಸಿಗೆ ಹಳೇಬೀಡಿಗೆ ಬರುತ್ತೇನೆ. ಅತ್ತಿಗೆಯ ಮುಂದೆ, ನಿಮ್ಮ ಕೇರಿಯಲ್ಲಿ ಆ ಮಾತು ಯಾರ ಯಾರ ಕಿವಿಗೆ ಬಿದ್ದಿತ್ತೋ ಅವರೆಲ್ಲರ ಮುಂದೆ, ನಿನ್ನ ಮೇಲೆ ಸುಳ್ಳು ಹೇಳಿದ್ದು ನಾನು ಎಂದು ಹೇಳುತ್ತೇನೆ. ಬೇಲೂರಿನವರ ಮನೆಗೂ ಹೋಗಿ ಹೇಳುತ್ತೇನೆ, ನೀನು ಒಪ್ಪಿದರೆ. ಮದುವೆಯ ದಿನ ಅಣ್ಣನ ಜಾಗ ಖಾಲಿಯೇ ಇರಲಿ. ಅಲ್ಲಿ ನಾನು ಕೂರುವುದಿಲ್ಲ — ನೀನು ಕರೆದರೂ.