ಎವೆರಾರ್ದೊ ಬಿಚ್ಚಿಕೊಟ್ಟ ಚಕ್ರ

ಸೈಕಲ್ ತುಳಿಯುವವರ ವಂಶಾವಳಿಯನ್ನೇ ಬಾಯಿಪಾಠ ಒಪ್ಪಿಸುವ ಜನ ನಾವು, ಬೊಯಾಕಾ ಬೆಟ್ಟದವರು. ಆದರೂ ಎವೆರಾರ್ದೊ ಸಿಯಾಚೊಕೆಯ ಮುಖ ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಂಟು ವರ್ಷ ಅವನು ದೊಡ್ಡ ತಂಡವೊಂದರಲ್ಲಿ ಸಂಬಳದ ಸವಾರ. ಕೆಲಸವೇನು? ನಾಯಕ ಯೇಸಿದ್‌ನ ಚಾಕರಿ. ಅವನಿಗೆ ನೀರು ಹೊತ್ತು ತರುವುದು, ಎದುರುಗಾಳಿಗೆ ತಾನು ಎದೆಯೊಡ್ಡುವುದು, ಅವನ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಡುವುದು. ಟೀವಿಯಲ್ಲಿ ಕಂಡಿದ್ದೆಲ್ಲ ಇವನ ಬೆನ್ನು. ಪತ್ರಿಕೆಯವರು ಒಂದೇ ಒಂದು ಸಲ ಹೆಸರು ಹಾಕಿದ್ದರೆ ಕೇಳಿ!

ಹಾಗಾಗಿ ತನ್ನ ಸುದ್ದಿ ತಾನೇ ಹಾಕಿಕೊಂಡ. ಫೋನಿನಲ್ಲಿ ಅವನದೊಂದು ಪುಟವಿತ್ತು. ಅಲ್ಲಿ ಅವನು ಸದಾ ನಗುವವ. 'ತ್ಯಾಗವೇ ನನ್ನ ಗೆಲುವು' ಎಂದು ಬರೆಯುತ್ತಿದ್ದ. ಡಿಸೆಂಬರಿನಲ್ಲಿ ತಂಡ ಎರಡು ಸಾಲಿನ ಪತ್ರ ಕಳಿಸಿ ಕೈಬಿಟ್ಟಿತು. ಆ ದಿನವೂ ಸೂರ್ಯೋದಯದ ಫೋಟೊ ಹಾಕಿ 'ಹೊಸ ದಾರಿ' ಎಂದ. ಒಂಬೈನೂರು ಜನ ಮೆಚ್ಚಿದರು. ಬಾಡಿಗೆ ಕೋಣೆಯಲ್ಲಿ ಆಲೂಗಡ್ಡೆ ಸಾರು ಕುಡಿಯುತ್ತ ಕೂತವನ ಬಾಗಿಲು ಮಾತ್ರ ಒಬ್ಬರೂ ತಟ್ಟಲಿಲ್ಲ.

ವಯಸ್ಸು ಮೂವತ್ತಮೂರು. ಇನ್ನೊಂದು ತಂಡದ ಮ್ಯಾನೇಜರ್, ನಮ್ಮೂರ ರೇಸಿನಲ್ಲಿ ಮೊದಲ ಐದರೊಳಗೆ ಬಂದರೆ ಮಾತಾಡೋಣ ಎಂದಿದ್ದ. ಎವೆರಾರ್ದೊಗೆ ಉಳಿದಿದ್ದ ಬಾಗಿಲು ಅದೊಂದೇ.

ರೇಸಿನ ದಿನ ಹುಡುಗ, ಅಬ್ಬಾ, ಹಾರಿಹೋದ! ಕೊನೆಯ ಏರಿನಲ್ಲಿ ಮುಂದಿದ್ದವರು ಇಬ್ಬರೇ: ಇವನು ಮತ್ತು ಯೇಸಿದ್. ಈಗ ಇಬ್ಬರೂ ಎದುರಾಳಿಗಳು. ಮೂರು ಕಿಲೋಮೀಟರ್ ಇರುವಾಗ ಯೇಸಿದ್‌ನ ಮುಂದಿನ ಚಕ್ರ ಗಾಳಿ ಬಿಟ್ಟಿತು. ಬದಲಿ ಚಕ್ರ ಹೊತ್ತ ಅವನ ತಂಡದ ಕಾರು ಎಲ್ಲೋ ಹಿಂದೆ.

"ಎವೆರ್, ಚಕ್ರ!" ಎಂದ ಯೇಸಿದ್, ಎಂಟು ವರ್ಷ ಹೇಳಿದ ಹಾಗೆಯೇ.

ಯೋಚಿಸುವಷ್ಟರಲ್ಲಿ ಎವೆರಾರ್ದೊ ಇಳಿದು, ಬಿಚ್ಚಿ, ತೊಡಿಸಿ, ಬೆನ್ನಿಗೊಂದು ನೂಕು ಕೊಟ್ಟಾಗಿತ್ತು. ಊರ ರೇಸು, ಎದುರಾಳಿಗೆ ಚಕ್ರ ಕೊಡಬಾರದೆಂಬ ಕಟ್ಟಳೆಯೂ ಇಲ್ಲ. ಯೇಸಿದ್ ತಿರುವು ದಾಟಿದ ಮೇಲೆ ಇವನಿಗೆ ಎಚ್ಚರವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಲಿತ ಚಾಕರಿಯೂ ಹೋಗುವುದಿಲ್ಲ ನೋಡಿ. ಒಬ್ಬಂಟಿ ಸವಾರನಿಗೆ ಕಾರೆಲ್ಲಿಂದ ಬರಬೇಕು? ಮೂವತ್ತು ಜನ ಅವನನ್ನು ದಾಟಿ ಹೋದರು.

ರಸ್ತೆ ಬದಿ ಜೋಳದ ರೊಟ್ಟಿ ಸುಡುತ್ತಿದ್ದ ದೋನ್ಯಾ ಎರ್ಮಿಂದಾ ಎಲ್ಲವನ್ನೂ ಕಂಡಿದ್ದಳು. "ಅಲ್ಲ ಮಗನೇ, ಅವ್ನು ಈಗ ನಿನ್ಗೇನಾಗ್ಬೇಕು?" ಎಂದು ಕೇಳಿದಳು.

"ಏನೂ ಇಲ್ಲಮ್ಮ," ಎಂದವನು ಅಲ್ಲೇ ಕೂತು ಅತ್ತುಬಿಟ್ಟ.

ಮರುದಿನ ಪತ್ರಿಕೆಗಳಲ್ಲಿ ಕೊನೆಗೂ ಅವನ ಮುಖ ಬಂತು. 'ಬೆಟ್ಟದ ಸಂತ' ಅಂತೆ. ಗೆಲುವನ್ನು ಗೆಳೆತನಕ್ಕೆ ಧಾರೆಯೆರೆದನಂತೆ. ಅವನನ್ನು ಒಂದು ಮಾತು ಕೇಳಿ ಬರೆದವರಿಲ್ಲ. ಪುಟಕ್ಕೆ ನಲವತ್ತು ಸಾವಿರ ಜನ ಹೊಸದಾಗಿ ಬಂದು ಸೇರಿದರು. ಮ್ಯಾನೇಜರೂ ಫೋನು ಮಾಡಿದ. ತುಂಬ ಹೊಗಳಿ, ನನಗೆ ಬೇಕಾಗಿರೋದು ಗೆಲ್ಲೋನು ಎಂದು ಇಟ್ಟುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಮಧ್ಯಾಹ್ನ ಎವೆರಾರ್ದೊ ಪುಟದಲ್ಲಿ ಮೊದಲ ಸಲ ಫೋಟೊ ಇಲ್ಲದೆ ಬರೆದ: 'ನಾನು ಸಂತನಲ್ಲ. ಅಭ್ಯಾಸಬಲದಿಂದ ಕೊಟ್ಟೆ. ನನಗೆ ಗೆಲ್ಲಬೇಕಿತ್ತು. ಕೊಟ್ಟಿದ್ದಕ್ಕೆ ಹೊಟ್ಟೆ ಉರಿಯುತ್ತಿದೆ. ಇಲ್ಲಿ ತುಂಬಾ ಒಂಟಿಯಾಗಿದ್ದೇನೆ.'

ಜನ ನಂಬಲಿಲ್ಲ. "ಯಾರೋ ಕಳ್ಳ ಅಣ್ಣನ ಪುಟಕ್ಕೆ ನುಗ್ಗಿದ್ದಾನೆ, ನಮ್ಮ ಎವೆರಾರ್ದೊ ಹೀಗೆಲ್ಲ ಮಾತಾಡೋನಲ್ಲ" ಎಂದು ಒಬ್ಬ ಬರೆದ. ಅವನ ಬೆನ್ನಿಗೆ ನೂರಾರು ಜನ, ಪ್ರೀತಿಯಿಂದಲೇ, ದೂರು ಕೊಟ್ಟರು. ಸಂಜೆಯೊಳಗೆ ಪುಟಕ್ಕೆ ಬೀಗ ಬಿತ್ತು. ನೀವೇ ಎವೆರಾರ್ದೊ ಸಿಯಾಚೊಕೆ ಎಂದು ಹೇಳಬಲ್ಲ ಮೂವರು ಪರಿಚಿತರ ಹೆಸರು ಕೊಡಿ ಎಂದು ಫೋನು ಕೇಳಿತು. ಅವನು ಯೇಸಿದ್ ಎಂದು ಬರೆದು ಅಳಿಸಿದ. ಆಮೇಲೆ ಬಹಳ ಹೊತ್ತು ಕೂತರೂ ಬೇರೆ ಹೆಸರು ಹೊಳೆಯಲಿಲ್ಲ.